ಇಸೊಬೆಯನ್ನು ಗೆಲ್ಲಿಸಿದ್ದಕ್ಕೆ ಕಿಶೋರನ ಸಿಟ್ಟು

ಬೆಟಗೇರಿಯ ನೇಕಾರ ಕಿಶೋರನನ್ನು ಕಂಡು ಅಯ್ಯೋ ಪಾಪ ಎನ್ನಲು ಹೋದವರು ಬೈಸಿಕೊಂಡು ಬಂದದ್ದೇ ಹೆಚ್ಚು. ಈ ಮನುಷ್ಯ ಮೀಸೆ ಮೂಡುವ ಮೊದಲಿನಿಂದ ಸೈಕಲ್ ರೇಸು ಓಡಿಸುತ್ತ ಬಂದಿದ್ದಾನೆ, ಒಂದನ್ನೂ ಗೆದ್ದಿಲ್ಲ. ಮನೆಯ ಗೋಡೆಗೆ ಒಂದು ಪದಕವಿಲ್ಲ, ಕಪಾಟಿನಲ್ಲಿ ಒಂದು ಕಪ್ಪಿಲ್ಲ. ಆದರೂ ಅವನು ಓಣಿಯಲ್ಲಿ ಎದೆ ಮುಂದೆ ಮಾಡಿಕೊಂಡು ನಡೆಯುವ ಠೀವಿ ನೋಡಬೇಕು. ಹೊಸಬರು ಯಾರೋ ಹೆಸರಾದ ಪೈಲ್ವಾನನಿರಬೇಕೆಂದು ದಾರಿ ಬಿಡುತ್ತಾರೆ.

ಅವನ ಹೆಮ್ಮೆ ಅರ್ಥವಾಗಬೇಕಾದರೆ ಸೈಕಲ್ ರೇಸಿನ ಒಂದು ಸಂಗತಿ ಗೊತ್ತಿರಬೇಕು. ರೇಸಿನಲ್ಲಿ ದೊಡ್ಡ ವೈರಿ ಗಾಳಿ. ಜೋಡಿಯಲ್ಲಿ ಒಬ್ಬ ಮುಂದೆ ನಿಂತು ಆ ಗಾಳಿಯನ್ನು ತನ್ನ ಎದೆಯ ಮೇಲೆ ತೆಗೆದುಕೊಳ್ಳುತ್ತಾನೆ. ಅವನ ಬೆನ್ನಿಗೆ ಅಂಟಿಕೊಂಡು ಬರುವವನಿಗೆ ಎಷ್ಟೋ ಶಕ್ತಿ ಉಳಿಯುತ್ತದೆ. ರೇಸು ಮುಗಿಯುವ ಗೆರೆ ಕಣ್ಣಿಗೆ ಬೀಳುವ ಹೊತ್ತಿಗೆ ಮುಂದಿನವನು ಉಸಿರು ಕಳೆದುಕೊಂಡು ಪಕ್ಕಕ್ಕೆ ಸರಿಯುತ್ತಾನೆ, ಹಿಂದಿನವನು ಉಳಿಸಿಕೊಂಡದ್ದನ್ನೆಲ್ಲ ಸುರಿದು ಗೆಲ್ಲುತ್ತಾನೆ. ಇದಕ್ಕೆ ಕಿಶೋರನ ಗೆಳೆಯರು ಗಾಳಿ ತಗೊಳ್ಳೋದು ಎನ್ನುತ್ತಾರೆ. ಗೆಲ್ಲುವುದಕ್ಕೆ ಎಲ್ಲರೂ ತಯಾರು. ಗಾಳಿ ತಗೊಳ್ಳುವವರನ್ನು ಹುಡುಕಿ ತರಬೇಕು. ಕಿಶೋರನನ್ನು ಯಾರೂ ಹುಡುಕಲಿಲ್ಲ. ತಾನು ಅದಕ್ಕೇ ಹುಟ್ಟಿದವನು ಎಂದು ಅವನು ಚಡ್ಡಿ ಹಾಕುವ ವಯಸ್ಸಿನಲ್ಲೇ ತೀರ್ಮಾನಿಸಿದ್ದ. ಹಾಗೆ ತೀರ್ಮಾನಿಸಲು ಕಾರಣ ಜಪಾನಿನ ಒಂದು ಕಾರ್ಟೂನು.

ಆಗ ಓಣಿಗೆ ಕೇಬಲ್ ಟೀವಿ ಬಂದ ಹೊಸದು. ಶಾಲೆ ಬಿಟ್ಟು ಬಂದ ಕಿಶೋರ, ತಾಯಿ ಚೌಡವ್ವ ನೂಲು ಸುತ್ತುವ ರಾಟೆಯ ಪಕ್ಕ ಕೂತು, ಹಿಂದಿ ಮಾತಾಡುವ ಜಪಾನಿ ಹುಡುಗರ ಸೈಕಲ್ ರೇಸು ನೋಡುತ್ತಿದ್ದ. ಅದರ ಮೂಲ ಹೆಸರು ಅವನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ. ಅದಕ್ಕೆ ಅನಿಮೆ ಎನ್ನುತ್ತಾರೆಂದು ತಿಳಿದದ್ದೂ ಎಷ್ಟೋ ವರ್ಷದ ಮೇಲೆ, ಕೈಗೆ ಮೊಬೈಲು ಬಂದಾಗ. ಓಣಿಯ ಉಳಿದ ಹುಡುಗರೆಲ್ಲ ಯಾವಾಗಲೂ ಗೆಲ್ಲುವ ನಾಯಕನ ಭಕ್ತರು. ಕಿಶೋರನ ಕಣ್ಣು ಮಾತ್ರ ಇಸೊಬೆಯ ಮೇಲೆ. ಇಸೊಬೆ ಅಗಲ ಭುಜದವ, ಮಾತು ಕಡಿಮೆ, ನಾಯಕನ ಮುಂದೆ ನಿಂತು ಗಾಳಿ ತಗೊಳ್ಳುವವ. ನಾಯಕ ಗೆದ್ದು ಕುಣಿಯುವಾಗ ಇಸೊಬೆ ಎಲ್ಲೋ ಹಿಂದೆ ಗುಂಪಿನಲ್ಲಿ ಬರುತ್ತಿದ್ದ, ನಗುತ್ತ ಬರುತ್ತಿದ್ದ. ಆ ನಗುವಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ತ್ಯಾಗ ಮಾಡಿದೆನೆಂಬ ಗೋಳೂ ಇರಲಿಲ್ಲ. ನೇಯ್ದು ಮುಗಿಸಿ ಮಗ್ಗದಿಂದ ಸೀರೆ ಇಳಿಸುವಾಗ ಅಪ್ಪನ ಮುಖದಲ್ಲಿ ಕಾಣುತ್ತಿದ್ದ ನಗು ಅದು. ಹುಡುಗನಿಗೆ ಅದು ತಟ್ಟಿತು.

ಮುಂದೆ ಅವನಿಗೆ ಬೆನ್ನಿಗೊಬ್ಬ ಸಿಕ್ಕ. ಹಿರೇಹಂದಿಗೋಳದ ಹನಮಂತ. ಕೊನೆಯ ಫರ್ಲಾಂಗಿನಲ್ಲಿ ಹನಮಂತನನ್ನು ಹಿಡಿಯುವವರೇ ಇರಲಿಲ್ಲ, ಆದರೆ ಎದುರುಗಾಳಿ ಬಂತೆಂದರೆ ಮುಖ ಹುಳ್ಳಗೆ ಮಾಡುತ್ತಿದ್ದ. ಇಬ್ಬರ ಸೈಕಲ್ಲೂ ರಿಪೇರಿಗೆ ಹೋಗುತ್ತಿದ್ದದ್ದು ಖಾಸಿಂಸಾಬನ ಅಂಗಡಿಗೆ. ಖಾಸಿಂಸಾಬ ಇಬ್ಬರನ್ನೂ ಮೇಲೆ ಕೆಳಗೆ ನೋಡಿ ಹೇಳಿದ್ದ:

“ಇವಗ ಎದಿ ಐತಿ, ಅವಗ ಕಾಲು ಅದಾವ. ಇಬ್ಬರೂ ಕೂಡಿದ್ರ ಒಬ್ಬ ಪೂರಾ ಮನಷ್ಯಾ ಆಕ್ಕೀರಿ ನೋಡ್ರಲೇ.”

ಕೂಡಿದರು. ಇಪ್ಪತ್ತರ ಹೊಸ್ತಿಲಲ್ಲಿದ್ದಾಗ ಗದಗಿನಿಂದ ಲಕ್ಷ್ಮೇಶ್ವರಕ್ಕೆ ದೊಡ್ಡ ರೇಸಾಯಿತು. ಗೆದ್ದವನು ರಾಜ್ಯದ ತಂಡಕ್ಕೆ. ಆಷಾಢದ ಗಾಳಿ, ಮುಳಗುಂದ ದಾಟಿದ ಮೇಲೆ ಎದುರಿಗೆ ಗೋಡೆ ಕಟ್ಟಿದ ಹಾಗೆ ನಿಂತಿತ್ತು. ಕಿಶೋರ ಅದರೊಳಗೆ ತಲೆ ತೂರಿಸಿಕೊಂಡು ಹೋದ. ಕೊನೆಗೆ ಪಕ್ಕಕ್ಕೆ ಸರಿದ, ಹನಮಂತ ಹಾರಿಹೋದ. ಆ ಗೆಲುವಿನಿಂದ ಹನಮಂತ ರಾಜ್ಯದ ತಂಡದಲ್ಲಿ ಓಡಿದ, ಆಟಗಾರರ ಕೋಟಾದಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿ ಹಿಡಿದ. ಕಿಶೋರ ಮಾರನೆಯ ದಿನ ಸೀರೆ ನೇಯಲು ಮಗ್ಗದ ಕುಣಿಗೆ ಇಳಿದ.

ಓಣಿಯ ಗದಿಗೆವ್ವ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟಳು: “ನೌಕರಿ ಅವಗ ಸಿಕ್ತು. ನಿನಗೇನ ಸಿಕ್ತೋ ತಮ್ಮಾ?”

“ಆ ರೇಸ್ ನಾ ಗೆದ್ದೀನಿ, ಕಾಕಿ.”

ಗದಿಗೆವ್ವ ಚೌಡವ್ವನ ಮುಖ ನೋಡಿದಳು, ಚೌಡವ್ವ ಗೋಡೆ ನೋಡಿದಳು. ಹುಡುಗನಿಗೆ ಬಿಸಿಲು ಹತ್ತಿದೆ ಎಂದು ಇಬ್ಬರೂ ತಿಳಿದರು. ಅಂದಿನಿಂದ ಇವತ್ತಿನವರೆಗೆ ಅವನು ಅದೇ ಮಾತು ಹೇಳುತ್ತಾನೆ, ಕೇಳಿದವರು ಹಾಗೆಯೇ ಮುಖ ಮುಖ ನೋಡಿಕೊಳ್ಳುತ್ತಾರೆ. ಅವನ ಮಾತು ನಂಬುವವನು ಜಗತ್ತಿನಲ್ಲಿ ಒಬ್ಬನೇ ಇದ್ದ. ಅವನೋ ಜಪಾನಿನ ಕಾರ್ಟೂನಿನೊಳಗೆ ಸೈಕಲ್ ತುಳಿಯುತ್ತಿದ್ದ.

ಹೋದ ವರ್ಷ ಆ ಕಾರ್ಟೂನಿನ ಮುಂದಿನ ಭಾಗ ಬರುತ್ತದೆಂಬ ಸುದ್ದಿ ಮೊಬೈಲಿನಲ್ಲಿ ಬಂತು. ಕಿಶೋರ ಮಗ್ಗದಿಂದ ಎದ್ದು ಬಂದು ಹೆಂಡತಿ ರಂಜನಾಳ ಮುಂದೆ ಕುಣಿದ. ಬಂದ ಮೇಲೆ ಒಬ್ಬನೇ ನೋಡಲು ಅವನಿಗೆ ಮನಸ್ಸಾಗಲಿಲ್ಲ. ಭಾನುವಾರ ಭಾನುವಾರ ಎಲ್ಲರೂ ಕೂತು ಟೀವಿಯಲ್ಲಿ ನೋಡುವುದೆಂದು ಕರಾರು. ಹುಬ್ಬಳ್ಳಿಯಿಂದ ಹನಮಂತ ಬರುತ್ತಿದ್ದ, ಅಂಗಡಿ ಮುಚ್ಚಿ ಖಾಸಿಂಸಾಬ ಬರುತ್ತಿದ್ದ. ಬದನೆಕಾಯಿ ಬಜಿ, ಗಿರಮಿಟ್ಟು, ಚಹಾ. ನಡುನಡುವೆ ನಿಲ್ಲಿಸಿ, ತಾಯಿಗೆ ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸ ಕಿಶೋರನದು.

ಚಿತ್ರ ಮೊದಲಿಗಿಂತ ಚೆಂದವಿತ್ತು. ಬೆವರಿನ ಹನಿಯೂ ಹೊಳೆಯುತ್ತಿತ್ತು. ನಾಯಕನ ಮೊಣಕಾಲು ಸೋತಿತ್ತು, ಇಸೊಬೆಯ ಕಿವಿಯ ಪಕ್ಕ ಬಿಳಿಗೂದಲು ಬಂದಿತ್ತು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಒಂದು ಭಾನುವಾರ ಇಸೊಬೆ ಕನ್ನಡಿಯ ಮುಂದೆ ನಿಂತು ಅಳತೊಡಗಿದ. ಜೀವನವೆಲ್ಲ ಬೇರೆಯವರಿಗೆ ಬೆನ್ನು ಕೊಟ್ಟೆ, ನನಗೇನು ಉಳಿಯಿತು ಎಂದು ಅತ್ತ. ಗುಟ್ಟಾಗಿ ತಾಲೀಮು ಮಾಡಿದ. ಕೊನೆಯ ಕಂತಿನ ದೊಡ್ಡ ರೇಸಿನಲ್ಲಿ, ಬೆನ್ನ ಹಿಂದಿದ್ದ ತನ್ನದೇ ತಂಡದ ಹುಡುಗನನ್ನು ಗಾಳಿಯ ಬಾಯಿಗೆ ಬಿಟ್ಟು ಒಬ್ಬನೇ ಓಡಿ, ಬಂಗಾರದ ಪದಕ ಗೆದ್ದ. ಜನ ಚಪ್ಪಾಳೆ ತಟ್ಟಿದರು, ಹೂ ಸುರಿಯಿತು, ಪರದೆ ಬಿತ್ತು.

ಚೌಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹನಮಂತನಂತೂ ಬಿಕ್ಕಿ ಬಿಕ್ಕಿ ಅತ್ತ.

“ಛಲೋ ಆತಲ್ರಿ,” ಎಂದಳು ರಂಜನಾ. “ನಿಮ್ಮಾಂವ ಕಡೀಗ್ಯಾದ್ರೂ ಗೆದ್ದ.”

ಕಿಶೋರ ಕೈಯಲ್ಲಿದ್ದ ಬಜಿಯನ್ನು ತಟ್ಟೆಗೆ ಹಾಕಿ ಎದ್ದ. ಅವನ ಮುಖ ಕೆಂಡವಾಗಿತ್ತು.

“ಗೆಲ್ಲಿಸಿ ಅವನ ಮಾನಾ ಕಳದ್ರು! ಹಂಗಾರ ಅಂವ ಇಷ್ಟ್ ವರ್ಷ ನಕ್ಕಿದ್ದು ಸುಳ್ಳೇನು? ಒಳಗೊಳಗ ಅಳತಿದ್ನೇನು? ಯಾರ ಬರದಾರ ಇದನ್ನ? ಅವರು ಒಂದ ದಿನಾ ಸೈಕಲ್ ಹತ್ಯಾರೇನು?”

“ಎಲ್ಲರೂ ಖುಷಿ ಪಡೋ ಹೊತ್ತಿನ್ಯಾಗ ಇದೇನ್ರಿ ನಿಮ್ಮದು,” ಎಂದಳು ರಂಜನಾ. ಕಿಶೋರ ಚಪ್ಪಲಿ ಮೆಟ್ಟಿ ಹೊರಗೆ ನಡೆದ.

ಒಂದು ಕಾರ್ಟೂನಿಗೆ ಇಷ್ಟು ಸಿಟ್ಟೇ ಎಂದು ನಗುವವರು ನಗಲಿ. ಅವನಿಗೆ ಆದದ್ದು ಬರಿಯ ಸಿಟ್ಟಲ್ಲ, ಅವಮಾನ. ಊರಿನವರು ಪಾಪ ಎಂದಾಗ ಅವನು ಬೈದು ಬರುತ್ತಿದ್ದ, ಯಾಕೆಂದರೆ ಇಸೊಬೆ ಅವನ ಪಕ್ಷದಲ್ಲಿದ್ದ. ಈಗ ಇಸೊಬೆಯೂ ಊರಿನವರ ಜೊತೆ ಸೇರಿ ಪಾಪ ಎಂದುಬಿಟ್ಟಿದ್ದ. ಎರಡು ದಿನ ಅವನ ಲಾಳಿ ದಾರಿ ತಪ್ಪುತ್ತಲೇ ಇತ್ತು. ಒಮ್ಮೆ ಮಗ್ಗ ತುಳಿಯುವುದನ್ನು ನಿಲ್ಲಿಸಿ ತನ್ನನ್ನೇ ಕೇಳಿಕೊಂಡ: ನಾನೂ ಒಳಗೆ ಅಳುತ್ತಿದ್ದೇನೋ? ಎಷ್ಟು ಹುಡುಕಿದರೂ ಅಳು ಸಿಗಲಿಲ್ಲ. ಲಕ್ಷ್ಮೇಶ್ವರದ ರಸ್ತೆ ನೆನೆದರೆ ಈಗಲೂ ಮೈ ಜುಮ್ ಎನ್ನುತ್ತಿತ್ತು, ಅಷ್ಟೇ.

ಈ ಕಡೆ ಹನಮಂತನ ಎದೆಯಲ್ಲಿ ಆ ಕಾರ್ಟೂನು ಮುಳ್ಳಿನ ಹಾಗೆ ಕೂತಿತ್ತು. ಕನ್ನಡಿಯ ಮುಂದೆ ಅಳುವ ಇಸೊಬೆಯ ಜಾಗದಲ್ಲಿ ಅವನಿಗೆ ಕಿಶೋರ ಕಂಡಿದ್ದ. ಈ ವರ್ಷ ಆಷಾಢದಲ್ಲಿ ಲಕ್ಷ್ಮೇಶ್ವರದ ಒಂದು ಯುವಕ ಮಂಡಳಿಯವರು ಮೂವತ್ತೈದು ದಾಟಿದವರಿಗೆ ಅದೇ ಹಳೆಯ ದಾರಿಯಲ್ಲಿ ರೇಸು ಇಟ್ಟಾಗ, ಫೋನು ಮಾಡಿದವನು ಹನಮಂತನೇ.

“ಈ ಸಲ ಗಾಳಿ ನಾ ತಗೋತೀನಿ. ನೀ ಹಿಂದ ಬಾ.”

“ನಿನಗ ಗಾಳಿ ತಗೊಳ್ಳಾಕ ಎಲ್ಲಿ ಬರತೈತಿ? ಮುಳಗುಂದಕ್ಕ ಮಲಕೋತಿ. ಸುಮ್ಮನ ನನ್ನ ಬೆನ್ನ ನೋಡಿಕೋತ ಬಾ.”

ಹನಮಂತ ಆಗಲಿ ಎಂದು ಫೋನು ಇಟ್ಟ. ಅಷ್ಟು ಸುಲಭವಾಗಿ ಒಪ್ಪಿದ್ದು ಯಾಕೆಂದು ಕಿಶೋರನಿಗೆ ಹೊಳೆಯಲಿಲ್ಲ.

ರೇಸಿನ ದಿನ ರಂಜನಾ ಬಸ್ಸಿನಲ್ಲಿ ಮೊದಲೇ ಲಕ್ಷ್ಮೇಶ್ವರಕ್ಕೆ ಹೋಗಿ, ಗೆರೆಯ ಹತ್ತಿರ ನಿಂತಿದ್ದಳು. ಗದಗಿನಿಂದ ಹೊರಟವರಲ್ಲಿ ಹೊಟ್ಟೆ ಬಂದವರೇ ಜಾಸ್ತಿ, ಮುಳಗುಂದದೊಳಗೇ ಅರ್ಧ ಜನ ಚಹಾದ ಅಂಗಡಿ ಹುಡುಕತೊಡಗಿದರು. ಉಳಿದವರ ಮುಂದೆ ಕಿಶೋರ, ಅವನ ಬೆನ್ನಿಗೆ ಹನಮಂತ. ಗಾಳಿ ಹಳೆಯ ಪರಿಚಯದವನಂತೆ ಎದುರಿಗೇ ಬಂತು. ವಯಸ್ಸಾಗಿದೆ ಎಂದು ಅದೇನೂ ದಯೆ ತೋರಿಸಲಿಲ್ಲ. ಕಿಶೋರ ತಲೆ ಬಗ್ಗಿಸಿ ತುಳಿದ. ಮಗ್ಗ ತುಳಿದ ಕಾಲು, ಸುಮ್ಮನೆ ಸೋಲುವಂಥದಲ್ಲ. ಲಕ್ಷ್ಮೇಶ್ವರ ಹತ್ತಿರ ಬರುವಾಗ ಇವರ ಬೆನ್ನು ಹತ್ತಲು ಉಳಿದವನು ಒಬ್ಬನೇ, ಹೊಸ ಸೈಕಲ್ಲಿನ ಮುಂಡರಗಿಯವ. ಅವನೂ ಸ್ವಲ್ಪ ದೂರದಲ್ಲಿದ್ದ.

ಗೆರೆ ಕಂಡಿತು. ಕಿಶೋರ ಪಕ್ಕಕ್ಕೆ ಸರಿದು “ಹೋಗಲೇ!” ಎಂದ.

ಹನಮಂತ ಹೋಗಲಿಲ್ಲ. ತಿರುಗಿ ನೋಡಿದರೆ, ಬ್ರೇಕು ಹಿಡಿದು ನೆಟ್ಟಗೆ ಕೂತು ಕಣ್ಣು ತುಂಬಿಕೊಂಡಿದ್ದ.

“ನೀ ಹೋಗು ಕಿಶೋರಾ. ಇದು ನಿಂದು. ಇಷ್ಟ್ ವರ್ಷದ್ದು.”

ಕಿಶೋರನ ಮುಂದೆ ರಸ್ತೆ ಖಾಲಿ ಬಿದ್ದಿತ್ತು. ಆಚೆ ಬಣ್ಣದ ರಿಬ್ಬನ್ನು, ಜನ, ರಂಜನಾಳ ಹಸಿರು ಸೀರೆ. ಒಂದು ಗಳಿಗೆ ಅವನಿಗೆ ಆಸೆಯಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸುಮ್ಮನೆ ಕಾಲಾಡಿಸಿದರೂ ಗೆಲುವು ಬರುತ್ತಿತ್ತು. ಅದರ ಬೆನ್ನಿಗೇ ಕನ್ನಡಿಯ ಮುಂದೆ ಅತ್ತ ಆ ಹೊಸ ಇಸೊಬೆ ಕಣ್ಣ ಮುಂದೆ ಬಂದ. ಕಿಶೋರನೂ ಬ್ರೇಕು ಹಿಡಿದ.

“ಲೇ ಹನಮ್ಯಾ, ಇವತ್ತ ನೀ ನನಗ ಗೆಲುವು ಕೊಟ್ಟಿ ಅಂದ್ರ, ಆವತ್ತ ನಾ ಸೋತಿದ್ನಿ ಅಂತ ಆಕ್ಕೈತಿ. ನಾ ಆವತ್ತ ಗೆದ್ದೀನಿ. ಖರೇನ ಗೆದ್ದೀನಿ. ಅದನ್ನ ಕಸಗೋಬ್ಯಾಡಲೇ!”

ಇವರ ಪಂಚಾಯ್ತಿ ನಡೆದಿದ್ದಾಗಲೇ ಮುಂಡರಗಿಯವನು ಸರಕ್ಕನೆ ಇಬ್ಬರನ್ನೂ ದಾಟಿ ಹೋದ.

“ಜಲ್ದಿ! ನನ್ನ ಬೆನ್ನ ಹಿಡಿ!”

ಕಿಶೋರ ಎದ್ದು ನಿಂತು ತುಳಿದ. ಇದ್ದ ಶಕ್ತಿಯೆಲ್ಲ ಮೊದಲೇ ಖರ್ಚಾಗಿತ್ತು. ಎಲ್ಲಿಂದ ಬಂತೋ ಅವನಿಗೇ ತಿಳಿಯದು. ಗಾಳಿ ಕೂದಲು ಹಿಡಿದು ಹಿಂದೆ ಎಳೆಯಿತು. ಬೆನ್ನ ಹಿಂದೆ ಬರುವ ಚಕ್ರದ ಸದ್ದು ಕೇಳಿ ಹನಮಂತ ಅಂಟಿಕೊಂಡಿದ್ದಾನೆಂದು ತಿಳಿದುಕೊಂಡ. ಮುಂಡರಗಿಯವನ ಪಕ್ಕದವರೆಗೆ ಒಯ್ದು ಮುಟ್ಟಿಸಿ ಎಡಕ್ಕೆ ಸರಿದ. ಈ ಸಲ ಹನಮಂತ ನಿಲ್ಲಲಿಲ್ಲ. ಇಪ್ಪತ್ತರ ಹುಡುಗನಂತೆ ಹಾರಿಬಂದು, ಒಂದು ಗಾಲಿಯ ಅಂತರದಲ್ಲಿ ರಿಬ್ಬನ್ನು ಹರಿದ.

ಎರಡನೆಯವನಾಗಿ ಮುಂಡರಗಿಯವ ಬಂದ. ಅವನ ಹಿಂದೆ ಕಿಶೋರ ಬಂದ, ಎರಡೂ ಕೈ ಮೇಲೆತ್ತಿ, ಹಲ್ಲೆಲ್ಲ ಕಾಣುವಂತೆ ನಗುತ್ತ ಬಂದ.

ಮೈಕು ಹಿಡಿದಿದ್ದ ಮಂಡಳಿಯವನಿಗೆ ಅದು ತಮಾಷೆಯಾಗಿ ಕಂಡಿತು.

“ಮೂರನೇ ನಂಬರಿನ ಅಣ್ಣಾರು ಕೈ ಎತ್ಯಾರ ನೋಡ್ರಿ! ಪಾಪ, ತಾವ ಗೆದ್ದೀವಿ ಅಂತ ತಿಳಕೊಂಡಾರ!”

ಜನ ಗೊಳ್ಳೆಂದು ನಕ್ಕರು. ರಂಜನಾ ನಗಲಿಲ್ಲ. ರಸ್ತೆಯ ತುದಿಯಲ್ಲಿ ಇಬ್ಬರೂ ಬ್ರೇಕು ಹಿಡಿದದ್ದು, ಖಾಲಿ ರಸ್ತೆಯನ್ನು ತನ್ನ ಗಂಡ ಬೇಡವೆಂದದ್ದು, ಮತ್ತೆ ತಲೆ ಬಗ್ಗಿಸಿ ಗೆಳೆಯನನ್ನು ಎಳೆದು ತಂದದ್ದು, ಎಲ್ಲವನ್ನೂ ಆಕೆ ನಿಂತಲ್ಲಿಂದಲೇ ನೋಡಿದ್ದಳು. ಜನರನ್ನು ಸರಿಸಿಕೊಂಡು ಮೈಕಿನವನ ಮುಂದೆ ಹೋಗಿ ನಿಂತಳು.

“ತಿಳಕೊಂಡಿಲ್ರಿ,” ಎಂದಳು. “ಗೆದ್ದಾರ.”

ಆ ಮಾತು ಮೈಕಿನಲ್ಲಿ ಹಾದು ಲಕ್ಷ್ಮೇಶ್ವರದ ಬೀದಿಗೆಲ್ಲ ಕೇಳಿಸಿತು. ಮೈಕಿನವನು ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಆಕೆ ನೀರಿನ ಬಾಟಲಿ ಹಿಡಿದುಕೊಂಡು ಗಂಡನ ಕಡೆಗೆ ಹೊರಟುಹೋಗಿದ್ದಳು.