ಮಾವಶಿಯ ಕ್ರೋಟನ್ನೂ ಮಳೆಗಾಳಿಯೂ

ಪಕ್ಕದ ಮನೆಯ ಪದ್ಮಾ ಮಾವಶಿ ಗಿಡದ ಮುಖ ಒರೆಸುತ್ತಿದ್ದರು. ಹೌದು, ಮುಖವೇ. ಹಳೆಯ ಸೀರೆಯ ತುಂಡನ್ನು ನೀರಿನಲ್ಲಿ ಅದ್ದಿ ಹಿಂಡಿ, ಒಂದೊಂದೇ ಎಲೆಯನ್ನು ಅಂಗೈ ಮೇಲೆ ಇಟ್ಟುಕೊಂಡು, ಮೇಲೆ ಕೆಳಗೆ ಎರಡೂ ಕಡೆ. ನಿಪ್ಪಾಣಿಯ ನಮ್ಮ ಓಣಿಯ ತುದಿಗೆ ತಂಬಾಕು ತುಂಬಿಡುವ ವಖಾರಿ ಇದೆ. ಅಲ್ಲಿಂದ ಹಾರಿಬರುವ ಧೂಳು ನಮ್ಮ ಕಿಟಕಿ, ಟಿವಿ, ಉಪ್ಪಿನಕಾಯಿ ಭರಣಿ ಎಲ್ಲದರ ಮೇಲೂ ಕೂರುತ್ತಿತ್ತು. ಮಾವಶಿಯ ಕ್ರೋಟನ್ ಮೇಲೆ ಕೂರುವ ಧೈರ್ಯ ಮಾತ್ರ ಅದಕ್ಕೆ ಇರಲಿಲ್ಲ.

ಆ ಗಿಡವೋ, ಅರ್ಧಕ್ಕೆ ಕೊಯ್ಯಿಸಿದ ಎಣ್ಣೆ ಡ್ರಮ್ಮಿನಲ್ಲಿ ಆಳೆತ್ತರ ಬೆಳೆದಿತ್ತು. ಎಲೆಗಳೆಲ್ಲ ಸುರುಳಿ ಸುರುಳಿ. ಹಸಿರಿನೊಳಗೆ ಹಳದಿ, ಹಳದಿಯೊಳಗೆ ಕೆಂಪು. ಹೇಳಿಕೊಳ್ಳುವಂಥ ಹೂವಿಲ್ಲ, ಹಣ್ಣಿಲ್ಲ, ದೇವರಿಗೆ ಏರಿಸಲೂ ಬರುವುದಿಲ್ಲ. ಆದರೂ ದಾರಿಯಲ್ಲಿ ಹೋಗುವವರು ಮೈತುಂಬ ಹೂಬಿಟ್ಟ ನನ್ನ ದಾಸವಾಳವನ್ನು ದಾಟಿ ಹೋಗಿ ಅದರ ಮುಂದೆ ನಿಲ್ಲುತ್ತಿದ್ದರು. ಮಾವಶಿ ಜೈನರು, ನಲ್ಲಿಗೆ ಬಟ್ಟೆ ಕಟ್ಟಿ ಸೋಸಿದ ನೀರನ್ನೇ ಕುಡಿಯುವವರು. ಗಿಡಕ್ಕೂ ಅದೇ ನೀರು. ನನ್ನ ಮಕ್ಕಳು ನಲ್ಲಿಗೇ ಬಾಯಿ ಹಚ್ಚುತ್ತಿದ್ದರೆ ಆ ಕ್ರೋಟನ್ ಸೋಸಿದ ನೀರು ಕುಡಿದು ಮೆರೆಯುತ್ತಿತ್ತು. ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯಿತು.

ನನಗೆ ಬೇಕಾಗಿದ್ದು ಒಂದೇ ಒಂದು ಟೊಂಗೆ. ಬೇಸಿಗೆಯಲ್ಲಿ ಕೇಳಿದರೆ, "ಈ ಬಿಸಲಾಗ ಹಚ್ಚಿದರ ಸುಟ್ಟ ಹೋಗತೈತಿ ಸುಮಾ. ಸಾಯಸಾಕ ಯಾಕ ಕೊಡ್ಲಿ? ಮಳಿ ಬರ್ಲಿ ತಡಿ" ಅನ್ನುತ್ತಿದ್ದರು. ಮಳೆ ಬಂದಾಗ ಕೇಳಿದರೆ, "ಇನ್ನೊಂದ ಎರಡ ಮಳಿ ಆಗ್ಲಿ." ಆ ಎರಡು ಮಳೆ ಆಗುವಷ್ಟರಲ್ಲಿ ಚಾತುರ್ಮಾಸ ಬಂದು ಕೂತುಬಿಡುತ್ತಿತ್ತು. ಆ ನಾಲ್ಕು ತಿಂಗಳು ಮಾವಶಿ ಹಸಿ ಸೊಪ್ಪು ಮುಟ್ಟುತ್ತಿರಲಿಲ್ಲ, ಹಸಿ ಗಿಡಕ್ಕೆ ಚಾಕು ಹಚ್ಚುತ್ತಿರಲಿಲ್ಲ. ಧರ್ಮದ ಮಾತು, ನಾನೇನು ಹೇಳಲಿ? ಬಾಯಿ ಮುಚ್ಚಿಕೊಂಡು ಮನೆಗೆ ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದೆ.

"ಒಂದ ಗಿಡದ ಸಲುವಾಗಿ ಇಷ್ಟ್ಯಾಕ ಕುದಿಯಾಕತ್ತಿ?" ಎಂದು ನನ್ನ ಯಜಮಾನರು ನರ್ಸರಿಯಿಂದ ಅಂಥದೇ ಒಂದನ್ನು ತಂದುಕೊಟ್ಟರು. ವಾರದೊಳಗೆ ಅದು ಎಲೆಯನ್ನೆಲ್ಲ ಉದುರಿಸಿ ಬರೀ ಕಡ್ಡಿಯಾಗಿ ನಿಂತಿತು. ಮಾವಶಿ ಬಂದು ನೋಡಿ, "ಮನಿ ಬದಲಾತಲ್ಲ, ಸಿಟ್ಟ ಬಂದೈತಿ ಅದಕ್ಕ. ಒಂದೀಟ ತಡಿ, ಚಿಗರತೈತಿ" ಅಂದರು. ನನಗೆ ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ಕಿತ್ತು ಎಸೆದೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಒಂದು ಶ್ರಾವಣದಲ್ಲಿ, ಮಾವಶಿಯ ಆಚೆ ಮನೆಯ ರುಬೀನಾಳ ಬಾಗಿಲಲ್ಲಿ ಅದೇ ಸುರುಳಿ ಎಲೆ, ಅದೇ ಕೆಂಪು! ನೆಟ್ಟಗೆ ಮಾವಶಿಯ ಕಟ್ಟೆಗೆ ಹೋದೆ.

"ಮಾವಶಿ, ನನಗಷ್ಟೇ ಏನ್ರಿ ಚಾತುರ್ಮಾಸ? ರುಬೀನಾಗ ಇಲ್ಲೇನ್ರಿ?"

ಅವರು ಒರೆಸುವುದನ್ನು ನಿಲ್ಲಿಸಲೇ ಇಲ್ಲ. "ನಾ ಎಲ್ಲಿ ಕಡದ ಕೊಟ್ಟೇನಿ? ಗಾಳಿಗೆ ಮುರದ ಆಕಿ ಅಂಗಳಾಗ ಬಿತ್ತು. ಗಾಳಿ ಕೆಡವಿದ್ದು ಯಾರ ಅಂಗಳಾಗ ಬಿತ್ತೋ ಅವರದ. ನಿನ್ನ ಅಂಗಳಾಗ ಬಿದ್ರ ನಿಂದ."

ನನ್ನ ಅಂಗಳದಲ್ಲಿ ಹೇಗೆ ಬೀಳಬೇಕು? ನಮ್ಮೂರಿನ ಮಳೆಗಾಳಿ ಬರುವುದು ಪಡುವಣದಿಂದ, ಘಟ್ಟದ ಕಡೆಯಿಂದ. ನನ್ನ ಮನೆಯೂ ಪಡುವಣಕ್ಕೇ. ಮಾವಶಿಯ ಮನೆ ನಡುವೆ, ರುಬೀನಾಳದು ಮೂಡಣಕ್ಕೆ. ನನ್ನ ಮಾಳಿಗೆ ಹಾದುಹೋದ ಗಾಳಿಯೇ ಟೊಂಗೆ ಮುರಿದು ರುಬೀನಾಳಿಗೆ ಕೊಟ್ಟಿತ್ತು. ಆಮೇಲೂ ಎರಡು ಸಲ ಕೊಟ್ಟಿತು. "ಅಕ್ಕಾ, ಮತ್ತೊಂದ ಬಿತ್ತರೀ!" ಎಂದು ಅವಳು ನಗುತ್ತಾ ತೋರಿಸುವಾಗ ನಾನೂ ಹಲ್ಲು ಕಿರಿಯುತ್ತಿದ್ದೆ. ಒಳಗೆ ಬೆಂಕಿ. ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಪಡುವುದು ಸರಿ, ನಾನು ಗಾಳಿಯ ಮೇಲೂ ಪಟ್ಟವಳು.

ಹೋದ ವರ್ಷದ ಮಳೆಗಾಲದಲ್ಲಿ ಮಾವಶಿ ಹಾಸಿಗೆ ಹಿಡಿದರು. ಊಟ ತೀರಾ ಕಡಿಮೆಯಾಗಿತ್ತು. ನಾನು ಗಂಜಿ ಒಯ್ದಿದ್ದೆ, ಹೊತ್ತು ಮುಳುಗುವ ಮೊದಲೇ, ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ್ದು. ಎರಡು ಗುಟುಕು ಕುಡಿದು ನನ್ನ ಕೈ ಹಿಡಿದುಕೊಂಡರು.

"ಸುಮಾ, ನೀ ಹೊಟ್ಟಿಕಿಚ್ಚ ಪಡೋದು ನನಗ ಗೊತ್ತಿಲ್ಲೇನ? ಮಾರಿ ಮ್ಯಾಲ ಕಾಣತೈತಿ."

"ಹಂಗೇನಿಲ್ರಿ ಮಾವಶಿ."

"ಐತಿ, ಐತಿ. ಇರ್ಲಿ ಬಿಡು, ನನ್ನ ಗಿಡಾನ ಅಷ್ಟ ಆಸಿಲೆ ನೋಡಿದಾಕಿ ಮತ್ಯಾರದಾರ?" ಸ್ವಲ್ಪ ಸುಧಾರಿಸಿಕೊಂಡರು. "ಚಾತುರ್ಮಾಸ ಐತಿ, ಟೊಂಗಿ ಕಡದ ಕೊಡಾಕ ಬರೂದಿಲ್ಲ. ಡ್ರಮ್ಮ ಸಮೇತ ಒಯ್ಯಿ. ಎಲಿ ಉದುರತಾವು, ಕಿತ್ತ ಒಗಿಬ್ಯಾಡ ಮತ್ತ."

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಅಳು ಬಂತು. ಯಜಮಾನರೂ ರುಬೀನಾಳ ಗಂಡನೂ ಡ್ರಮ್ಮನ್ನು ಉರುಳಿಸದೆ ಎತ್ತಿ ತಂದು ನಮ್ಮ ಅಂಗಳದಲ್ಲಿ, ಮಾವಶಿಯ ಗೋಡೆಗೆ ತಾಗಿಸಿ ಇಟ್ಟರು. ದೀಪಾವಳಿಗೆ ಮೊದಲೇ ಮಾವಶಿ ತೀರಿಹೋದರು. ಸಾಂಗ್ಲಿಯಿಂದ ಬಂದಿದ್ದ ಅವರ ಮಗಳು ಮನೆಗೆ ಬೀಗ ಹಾಕಿ ಹೊರಟುಹೋದಳು.

ಗಿಡ ಎಲೆ ಉದುರಿಸಿತು. ನಾನು ಕೀಳಲಿಲ್ಲ. ನಲ್ಲಿಗೆ ಬಟ್ಟೆ ಕಟ್ಟಿ, ಸೋಸಿದ ನೀರು ಹಾಕಿ ಕಾದೆ. ಚಿಗುರಿತು, ಬಣ್ಣವೂ ಬಂತು. ಈಗ ವಾರಕ್ಕೊಮ್ಮೆ ನಾನೇ ಅದರ ಮುಖ ಒರೆಸುತ್ತೇನೆ. ದಾರಿಹೋಕರು ನಿಂತು ನೋಡುವಾಗ ಹೆಮ್ಮೆಯಿಂದ ನೋಡಿಸಿಕೊಳ್ಳುತ್ತೇನೆ.

ಮೊನ್ನೆ ಬೀಸಿದ ಮಳೆಗಾಳಿಗೆ ಒಂದು ಒಳ್ಳೆಯ ಟೊಂಗೆ ಮುರಿಯಿತು. ಓಡಿ ಬಂದು ನೋಡಿದರೆ ಅಂಗಳದಲ್ಲಿ ಇಲ್ಲ. ಕಲ್ಲಿನ ಮೇಲೆ ಹತ್ತಿ ಗೋಡೆಯಾಚೆ ಇಣುಕಿದೆ. ಮಾವಶಿಯ ಅಂಗಳದಲ್ಲಿ, ಡ್ರಮ್ಮು ಇದ್ದ ಜಾಗದ ಹತ್ತಿರ ಬಿದ್ದಿತ್ತು. ಆಚೆ ಗೋಡೆಯಿಂದ ರುಬೀನಾಳೂ ಇಣುಕಿದಳು.

"ಅಕ್ಕಾ, ಇಳದ ತಂದ ಕೊಡ್ಲೇನ್ರಿ?"

"ಬ್ಯಾಡ ಬಿಡು. ಯಾರ ಅಂಗಳಾಗ ಬಿತ್ತೋ ಅವರದ."

ನನಗೆ ಮತ್ತೆ ಆ ಹಳೆಯ ಹೊಟ್ಟೆಕಿಚ್ಚು ಬಂತು. ಹೋದ ಮೇಲೂ ಗಾಳಿ ಅವರ ಕಡೆಗೇ!

"ತಗೋರಿ ಮಾವಶಿ," ಅಂದೆ ಗೋಡೆಯ ಮೇಲಿಂದ, ಬೀಗ ಹಾಕಿದ ಬಾಗಿಲಿಗೆ. "ನಿಮ್ಮ ಪಾಲಿಗೇ ಬಿತ್ತು."