ಎಡಬಾಗಿಲ ಕೆಳಗಿನ ತುಕ್ಕು

ಕಾರು ರಿಪೇರಿಯ ಅಲೋಯ್ಜಿ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಈಸ್ಟರ್ ದಿನ ಚರ್ಚಿನ ಮುಂದೆ, ಅರ್ಧ ಊರು ನಿಂತಿರುವಾಗ, "ನಾನು ಮುಟ್ಟಿದ ತಗಡಿಗೆ ಇನ್ನೊಂದ್ಸಲ ತುಕ್ಕು ಬಂದ್ರೆ ಶೆಡ್ಡಿನ ಬೋರ್ಡು ಕಿತ್ತು ಒಲೆಗೆ ಹಾಕ್ತೀನಿ" ಎಂದುಬಿಟ್ಟ. ರಿಬ್ನಿಕ್ ಕಡೆಯ ಗಣಿ ಊರುಗಳಲ್ಲಿ ಇಂಥ ಮಾತನ್ನು ಯಾರೂ ಮರೆಯುವುದಿಲ್ಲ. ಮರೆತವರ ಹಾಗೆ ಇದ್ದು, ಸಮಯ ಬಂದಾಗ ಎತ್ತಿ ಆಡುತ್ತಾರೆ.

ಆ ಸಮಯ ಅಕ್ಟೋಬರಿನಲ್ಲಿ ಬಂತು. ಗಣಿಯಿಂದ ನಿವೃತ್ತನಾದ ಎರಿಕ್ ತನ್ನ ಅಪ್ಪನ ಕಾಲದ ಸಿರೇನಾ ಕಾರನ್ನು ಶೆಡ್ಡಿನೊಳಗೆ ತಂದು ನಿಲ್ಲಿಸಿ, ಎಡಬಾಗಿಲ ಕೆಳಗೆ ಬೆರಳು ತೋರಿಸಿದ. ಪೇಂಟಿನಡಿ ಗುಳ್ಳೆ ಎದ್ದಿತ್ತು. ಅಲೋಯ್ಜಿ ಉಗುರಿನಿಂದ ಒತ್ತಿದ. ಕಂದು ನೀರು ಜಿನುಗಿತು.

"ಏಣಿ ತರ್ಲಾ ಮೇಸ್ತ್ರೀ? ಬೋರ್ಡು ಸ್ವಲ್ಪ ಎತ್ತರದಲ್ಲಿದೆ" ಎಂದ ಎರಿಕ್.

"ಬಾಯ್ಮುಚ್ಕೊಂಡು ನಿಂತ್ಕೋ."

ಎರಡು ಚಳಿಗಾಲದ ಹಿಂದೆ ಬಾಗಿಲ ಕೆಳಗಿನ ಆ ಟೊಳ್ಳು ಪಟ್ಟಿಗೆ ಹೊಸ ತಗಡು ಬೆಸೆದವನು ಅಲೋಯ್ಜಿಯೇ. ಹೊಳೆಯುವ ತನಕ ಉಜ್ಜಿದ್ದ. ಬೆವರು ಸಾಕು ತುಕ್ಕು ಹಿಡಿಸಲು ಎಂದು ಬರಿಗೈ ಸೋಕಿಸಿರಲಿಲ್ಲ. ತಗಡಿಗೆ ಗಾಳಿ ತಾಗುವ ಮೊದಲೇ ಎಂಬಂತೆ ಪ್ರೈಮರ್ ಹೊಡೆದು, ಟೊಳ್ಳಿನೊಳಗೆ ಬಿಸಿ ಮೇಣ ಹೊಯ್ದಿದ್ದ. ಆದರೂ ಕಳೆದ ಚಳಿಗಾಲ ಮುಗಿಯುವಷ್ಟರಲ್ಲಿ ಗುಳ್ಳೆ! ಆಗ ಪೇಂಟು ಮಾರಿದವನನ್ನು ಬಾಯಿಗೆ ಬಂದಂತೆ ಬೈದು, ಹೊರಗಿನಿಂದಷ್ಟೇ ಕೆರೆದು ಮತ್ತೆ ಬಳಿದಿದ್ದ. ನಾನೇ ಬೆಸೆದದ್ದು, ಬಿಚ್ಚಿ ನೋಡುವುದೇನು ಎಂಬ ಜಂಬ. ಈಸ್ಟರಿನ ಮಾತೂ ಆ ಜಂಬದ್ದೇ.

ಈಗ ನಿಜಕ್ಕೂ ಹೆದರಿಕೆಯಾಯಿತು. ಕೈ ಸೋತಿತೇ? ಕಣ್ಣು ಮೋಸ ಮಾಡಿತೇ? ಬೋರ್ಡು ಇಳಿದರೆ ನಾಳೆ ಬೆಳಗ್ಗೆ ಎದ್ದು ಹೋಗುವುದಾದರೂ ಎಲ್ಲಿಗೆ?

ಗ್ರೈಂಡರ್ ಹಿಡಿದು ಪಟ್ಟಿಯನ್ನು ಕೊಯ್ಯತೊಡಗಿದ. ಸದ್ದು ಕೇಳಿ ಕಾಫಿ ತಂದ ಹೆಂಡತಿ ಟ್ರೂಡಾ ಶೆಡ್ಡಿನ ಬಾಗಿಲಲ್ಲೇ ನಿಂತಳು. ಅವನು ಕೊಯ್ಯುತ್ತಿದ್ದ ಜಾಗ ನೋಡಿ ಅವಳ ಮುಖ ಬಿಳಿಚಿಕೊಂಡಿತು. "ಅದನ್ಯಾಕೆ ಬಿಚ್ತಿದ್ಯಾ?" ಎಂದಳು. ಅವನಿಗೆ ಕೇಳಿಸಲಿಲ್ಲ.

ತಗಡು ಮಡಚಿ ಬಂತು. ಒಳಗಿನಿಂದ ಒದ್ದೆ ಬಟ್ಟೆಯ ಪುಟ್ಟ ಗಂಟೊಂದು ನೆಲಕ್ಕೆ ಬಿತ್ತು. ಅದು ಕೂತಿದ್ದ ಕಡೆ ಮೇಣ ತಗಡಿಗೆ ತಾಕಿರಲೇ ಇಲ್ಲ. ಅಲ್ಲಿಂದಲೇ ತುಕ್ಕು ತಿನ್ನುತ್ತಾ ಹೊರಗೆ ಬಂದಿತ್ತು. ಎರಿಕ್ ಗಂಟನ್ನೆತ್ತಿ ಬೆರಳು ಅದ್ದಿ ನಾಲಿಗೆಗೆ ತಾಗಿಸಿ, ಥೂ ಎಂದು ಉಗಿದ.

"ಉಪ್ಪು ಕಣಯ್ಯಾ!"

ಅಲೋಯ್ಜಿ ನೋಡಿದ್ದು ಬಟ್ಟೆಯನ್ನು. ನೀಲಿ ಹೂವಿನ ಆ ಬಟ್ಟೆ ಟ್ರೂಡಾಳ ಹಳೆಯ ಏಪ್ರನ್ನಿನದು.

"ಸಂತ ಅಗಾಥಾಳ ಉಪ್ಪು" ಎಂದಳು ಅವಳು, ಮೆಲ್ಲಗೆ. ಫೆಬ್ರವರಿಯಲ್ಲಿ ಪಾದ್ರಿ ಮಂತ್ರಿಸಿ ಕೊಡುವ, ಬೆಂಕಿಯಿಂದ ಕಾಯಲೆಂದು ಪ್ರತಿ ಮನೆಯ ಅಡುಗೆ ಕಪಾಟಿನಲ್ಲಿಟ್ಟಿರುವ ಉಪ್ಪು.

"ನಿಂಗೇನು ತಲೆ ಕೆಟ್ಟಿದ್ಯೇನೇ? ಕಾರಿನ ಹೊಟ್ಟೆಗೆ ಯಾರಾದ್ರೂ ಉಪ್ಪು ಹಾಕ್ತಾರಾ! ಊರೆಲ್ಲ ನನ್ನ ಮಾನ ಹೋಯ್ತಲ್ಲೇ!"

"ಕಾರಿಗಲ್ಲ ಹಾಕಿದ್ದು!" ಟ್ರೂಡಾ ಕಾಫಿಯನ್ನು ಕುಕ್ಕಿದಳು. "ಅವತ್ತು ನೀನು ಇದರ ಕೆಳಗೇ ಮಲ್ಕೊಂಡು ವೆಲ್ಡಿಂಗ್ ಮಾಡ್ತಾ ತೋಳಿಗೆ ಬೆಂಕಿ ಹಚ್ಕೊಂಡೆ. ಕಂಬಳಿ ಹಾಕಿ ಆರಿಸಿದ್ದು ಯಾರು? ಮಾರನೇ ದಿನ ಮತ್ತೆ ಅಲ್ಲೇ ಹೋಗಿ ಮಲ್ಕೊಂಡೆ. ಬೇಡ ಅಂದ್ರೆ ಕೇಳೋನಾ ನೀನು? ಅದಕ್ಕೇ ನೀನು ಊಟಕ್ಕೆದ್ದಾಗ, ಟೊಳ್ಳು ಮುಚ್ಚೋ ಮುಂಚೆ ಇದನ್ನ ಒಳಗೆ ತುರುಕಿದೆ. ಆಮೇಲೆ ಬೆಂಕಿ ಹತ್ತಿತಾ? ಹೇಳು, ಹತ್ತಿತಾ?"

ಅಲೋಯ್ಜಿ ಎಡ ಮುಂಗೈಯ ಸುಟ್ಟ ಕಲೆಯನ್ನು ಹೆಬ್ಬೆರಳಿಂದ ಉಜ್ಜಿಕೊಂಡ. ಸಿಟ್ಟೆಲ್ಲ ಇಳಿದು, ತನ್ನ ಮೇಲೇ ನಾಚಿಕೆಯಾಯಿತು. ಎರಿಕ್ ಟೋಪಿ ತೆಗೆದು ಗೋಡೆ ನೋಡುತ್ತಾ ನಿಂತ. ಏಣಿಯ ಮಾತು ಮತ್ತೆ ಬರಲಿಲ್ಲ.

ಪಟ್ಟಿಯನ್ನು ಮತ್ತೆ ಹೊಳೆಯುವ ತನಕ ಉಜ್ಜಿ, ಬೆಸೆಯಲು ಕಾರಿನಡಿ ನುಸುಳುವ ಮುಂಚೆ ಅಲೋಯ್ಜಿ ಹೆಂಡತಿಯ ಮುಂದೆ ಬಂದು ಅಂಗಿಯ ಜೇಬು ತೆರೆದು ಹಿಡಿದ.

"ಹೊಸ ಉಪ್ಪು ತಗೊಂಬಾ. ಇಲ್ಲಿಗೆ ಹಾಕು. ನಂಗೇನು ತುಕ್ಕು ಹಿಡಿಯಲ್ಲ."

"ಯಾವತ್ತೋ ಹಿಡಿದಾಗಿದೆ" ಎಂದಳು ಟ್ರೂಡಾ.

ಉಪ್ಪು ತಂದು ಜೇಬಿಗೆ ಹಾಕಿ ಗುಂಡಿ ಬಿಗಿದಳು. ಅವನು ಕೆಲಸ ಮುಗಿಸಿ ಕಾರಿನಡಿಯಿಂದ ಎದ್ದು ಬರುವವರೆಗೂ, ಕಂಬಳಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು.