ಚಹಾ ಕುಡಿಯದ ಭಾಷಣಕಾರ

ಸ್ನೇಹಿತರೇ, ಇವತ್ತು ರಾಯಚೂರಿನ ಒಂದು ಕಾಲೇಜಿನಲ್ಲಿ ಯುವಕರು ಮತ್ತು ಮೌಲ್ಯಗಳ ಬಗ್ಗೆ ಜೋರಾಗಿ ಭಾಷಣ ಮಾಡಿದೆ. ಮುಗಿದ ಮೇಲೆ ಎಲ್ಲರಿಗೂ ಚಹಾ ಬಂತು. ನನಗೆ ಮಾತ್ರ ಒಬ್ಬ ವಿದ್ಯಾರ್ಥಿನಿ ಹಾಲು ತಂದಳು.

“ನೀವು ಚಾ ಕುಡಿಯಂಗಿಲ್ಲಂತಲ್ರಿ ಸರ್. ನಮ್ಮಜ್ಜ ಹೇಳ್ಯಾರ.”

ಅಜ್ಜನ ಹೆಸರು ಕೇಳಿದೆ. ಹನುಮಂತ. ಎಪ್ಪತ್ತರ ದಶಕದಲ್ಲಿ ನನ್ನ ಹಾಸ್ಟೆಲ್ ಗೆಳೆಯ, ಕೂಲಿಕಾರರ ಮಗ. ಡಿಗ್ರಿ ಮುಗಿಯುತ್ತಿತ್ತು, ಮುಂದೆ ಹೇಗೆ ಬಾಳಬೇಕೆಂದು ದಿನವೂ ಅವನಿಗೆ ಉಪದೇಶ ಮಾಡುತ್ತಿದ್ದೆ. ಮಾನ್ವಿ ಕಡೆಯ ಅವನ ಹಳ್ಳಿಯ ಹೋಟೆಲಿನಲ್ಲಿ ಅವನ ಕೇರಿಯವರಿಗೆ ಬೇರೆ ಲೋಟ, ಅದೂ ಹೊರಗೆ. ಇಬ್ಬರೂ ಒಳಗೇ ಕೂತು ಕುಡಿಯೋಣ ಎಂದು ಅವನನ್ನು ಎಳೆದೊಯ್ದವನು ನಾನೇ. ಹೋಟೆಲಿನವನು ನನ್ನ ಗುರುತು ಹಿಡಿದ.

“ಸಿರವಾರದ ಮಿಲ್ ಸಾವ್ಕಾರ್ರ ಮಗ ಅಲ್ಲೇನ್ರಿ? ಇವನ ಜೋಡಿ ಕುಡೀತೀರೇನು?”

“ಇಲ್ರಿ, ನಾ ಚಾನೇ ಕುಡಿಯಂಗಿಲ್ಲ” ಅಂದುಬಿಟ್ಟೆ. ಹನುಮಂತ ಎದ್ದು ಹೊರಗೆ ಹೋಗಿ ನಿಂತ.

ಇವತ್ತು ಆ ಹುಡುಗಿಗೆ ಹೇಳಿದೆ: “ಕುಡೀತೀನವ್ವಾ. ಅವತ್ತು ಸುಳ್ಳು ಹೇಳಿದ್ದೆ.”

“ಅಜ್ಜಗ ಗೊತ್ತದ್ರಿ ಸರ್” ಅಂದಳು. “ಅದಕ್ಕೇ ಹಾಲು ಕೊಡು ಅಂದಾರ.”

ಹಾಲು ಪೂರ್ತಿ ಕುಡಿದೆ. ಮೌಲ್ಯಗಳ ಬಗ್ಗೆ ಭಾಷಣಕ್ಕೆ ಕರೆಯುವವರು ಮೊದಲು ಹಳೆಯ ಗೆಳೆಯರನ್ನು ವಿಚಾರಿಸುವುದು ಒಳ್ಳೆಯದು.